ಅನ್ನ ಹಾಕುವ ಕೈಯನ್ನು ತಡೆಯುವವರಿಗೆ

"ಅಷ್ಟೊಂದು ಪ್ರೀತಿ ಇದ್ದರೆ ಮನೆಗೇ ಕರ್ಕೊಂಡು ಹೋಗಿ ಸಾಕಿ." ಬೀದಿನಾಯಿಗೆ ಅನ್ನ ಹಾಕುವವರು ಬೆಂಗಳೂರಿನಲ್ಲಿ ದಿನವೂ ಕೇಳುವ ಮಾತಿದು. ಸುಪ್ರೀಂ ಕೋರ್ಟಿನಲ್ಲಿ ಬೀದಿನಾಯಿ ಪ್ರಕರಣದ ವಿಚಾರಣೆ ಶುರುವಾದ ಮೇಲಂತೂ ಇದು ಬೆದರಿಕೆಯ ಮಟ್ಟಕ್ಕೆ ಹೋಗಿದೆ. ಹೀಗೆ ಹೇಳುವವರಿಗೆ ನನ್ನದೊಂದೇ ಪ್ರಶ್ನೆ: ಸಂತಾನಹರಣಕ್ಕೆ ನಾಯಿ ಹಿಡಿದುಕೊಡುವವರು ಯಾರು?

ಬಿಬಿಎಂಪಿ ಸಮೀಕ್ಷೆಯ ಪ್ರಕಾರ 2019ರಲ್ಲಿ ನಗರದಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ 2.79 ಲಕ್ಷ. ಸಂತಾನಹರಣ ಆದವುಗಳ ಪ್ರಮಾಣ ಶೇ 51ರಿಂದ ಶೇ 72ರ ಹತ್ತಿರಕ್ಕೆ ಏರಿತು. ಇದು ಬೈಗುಳದಿಂದ ಆದದ್ದಲ್ಲ. ಬಲೆ ಹಿಡಿದು ವ್ಯಾನಿನಿಂದ ಇಳಿದವರನ್ನು ಕಂಡರೆ ನಾಯಿಗಳು ದಿಕ್ಕಾಪಾಲು. ಹೆಸರು ಕೂಗಿದರೆ ಅವು ಓಡಿ ಬರುವುದು ಅನ್ನ ಹಾಕಿದವರ ಹತ್ತಿರ. ಯಾವುದು ಗಬ್ಬವಾಗಿದೆ, ಸಂತಾನಹರಣದ ಗುರುತಿಗೆ ಯಾವುದರ ಕಿವಿ ಇನ್ನೂ ಕತ್ತರಿಸಿಲ್ಲ ಎಂಬುದು ಗೊತ್ತಿರುವುದೂ ಅವರಿಗೇ.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿದು ಬದುಕುವ ಅಕ್ಕ ಒಬ್ಬರಿದ್ದಾರೆ. ಮಳೆಗಾಲದ ಒಂದು ರಾತ್ರಿ ಆಟೋ ಕೆಳಗೆ ನಾಯಿಯೊಂದು ಮುದುರಿ ಮಲಗಿತ್ತು. ಕಿವಿಯ ಹಿಂದೆ ಗಾಯ, ಗಾಯದ ತುಂಬ ಹುಳ. ವಾಸನೆಗೆ ನಾನು ಹಿಂದೆ ಸರಿದೆ. ಅವರು ಗೋಣಿಚೀಲ ಹಾಸಿ ಕೂತು ಚಿಮುಟದಿಂದ ಒಂದೊಂದೇ ಹುಳ ತೆಗೆದರು. ಮುಕ್ಕಾಲು ಗಂಟೆ ಹಿಡಿಯಿತು. ನಾನು ಮೊಬೈಲ್ ಬೆಳಕು ಹಿಡಿದಿದ್ದೆ. ನಾಯಿ ಒಮ್ಮೆಯೂ ಬಾಯಿ ಹಾಕಲಿಲ್ಲ. ಮಹಡಿಯ ಮೇಲಿನಿಂದ ಯಾರೋ ಒಂದು ಬಕೆಟ್ ನೀರು ಸುರಿದರು, ಅಷ್ಟೂ ಅಕ್ಕನ ಬೆನ್ನಿಗೆ. ಗಾಯ ಒಣಗಿದ ಮೇಲೆ ಆ ನಾಯಿಯನ್ನು ಎತ್ತಿ ಸಂತಾನಹರಣದ ವ್ಯಾನಿಗೆ ಹತ್ತಿಸಿದ್ದೂ ಅವರೇ.

ಕಚ್ಚಿಸಿಕೊಂಡ ಮಗುವಿನ ನೋವು ನನಗೂ ಗೊತ್ತು. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅದಕ್ಕೇ ಹೇಳುತ್ತಿದ್ದೇನೆ, ಲಸಿಕೆ ಹಾಕಲು ನಾಯಿ ಮೊದಲು ಕೈಗೆ ಸಿಗಬೇಕು.

ಈ ನಗರದಲ್ಲಿ ಸ್ಕೂಟರಿನಲ್ಲಿ ಬಂದು ಮೂಲೆಗೆ ಕಸದ ಚೀಲ ಎಸೆದು ಹೋಗುವವನನ್ನು ಯಾರೂ ಅಡ್ಡಗಟ್ಟುವುದಿಲ್ಲ. ಕೋಳಿ ಅಂಗಡಿಯ ತ್ಯಾಜ್ಯ ರಸ್ತೆಗೆ ಬಿದ್ದರೂ ಕೇಳುವವರಿಲ್ಲ. ನಾಯಿಗಳು ಗುಂಪು ಕಟ್ಟುವುದೇ ಅಲ್ಲಿ. ಆದರೆ ಪಾತ್ರೆ ಹಿಡಿದ ಹೆಂಗಸು ಕಂಡರೆ ಎಲ್ಲರಿಗೂ ಧೈರ್ಯ ಬರುತ್ತದೆ! ಕಾನೂನಿನ ಭಯವಾದರೂ ಎಲ್ಲಿದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ನಾಯಿಗೆ ಹೊಡೆದು ಮೊದಲ ಸಲ ಸಿಕ್ಕಿಬಿದ್ದವನಿಗೆ ಹೆಚ್ಚೆಂದರೆ 50 ರೂಪಾಯಿ ದಂಡ. ಒಂದು ಪಟ್ಟಿ ಮುಲಾಮಿಗೂ ಸಾಲದ ದುಡ್ಡು. ಆ ಮುಲಾಮಿನ ಖರ್ಚು ಹೊರುವುದು ಹೊಲಿಗೆ ಅಕ್ಕ.

ಬೀದಿಯಲ್ಲಿ ಕಂಡಲ್ಲೆಲ್ಲ ಅನ್ನ ಹಾಕಬಾರದು ಎಂದು 2025ರ ಆಗಸ್ಟ್ 22ರಂದು ಕೋರ್ಟ್ ಹೇಳಿದ್ದನ್ನು ಎಲ್ಲರೂ ಓದಿ ಹೇಳುತ್ತಾರೆ. ಅದಕ್ಕೆಂದೇ ವಾರ್ಡಿನಲ್ಲಿ ಜಾಗ ಗುರುತಿಸಿ ಎಂದು ಪಾಲಿಕೆಗೆ ಅದೇ ಆದೇಶದಲ್ಲಿ ಹೇಳಿದ್ದನ್ನು ಬಿಟ್ಟುಬಿಡುತ್ತಾರೆ. ಊಟದ ವ್ಯವಸ್ಥೆ ನಿವಾಸಿಗಳ ಸಂಘದ ಹೊಣೆ ಎನ್ನುತ್ತದೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮ. ಆ ಸಾಲನ್ನು ಯಾವ ಸಂಘವೂ ನೋಟಿಸ್ ಬೋರ್ಡಿಗೆ ಅಂಟಿಸಿದ್ದನ್ನು ನಾನು ಕಂಡಿಲ್ಲ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಆ ಜಾಗ ಎಲ್ಲಿ ಎಂದು ಕೇಳಿ. ವ್ಯಾನು ಬರುವ ದಿನ ಅನ್ನ ಹಾಕುವವರ ಜತೆ ಅರ್ಧ ಗಂಟೆ ನಿಂತುಕೊಳ್ಳಿ. ಅದೂ ಆಗದಿದ್ದರೆ, ಮೇಲಿನಿಂದ ನೀರು ಸುರಿಯುವುದನ್ನಾದರೂ ನಿಲ್ಲಿಸಿ.