ರೈಲು ಡಬ್ಬಿಯ ಆಚೆಗಿನ ಜಪಾನ್

ತೊತ್ತೋ-ಚಾನಳನ್ನು ಶಾಲೆಯೊಂದು ಒಂದನೇ ತರಗತಿಯಲ್ಲೇ ಹೊರಹಾಕಿತ್ತು. ರೈಲು ಡಬ್ಬಿಗಳ ತೊಮೊಯೆ ಶಾಲೆ ಸೇರಿಸಿಕೊಂಡಿತು. ಕನ್ನಡದ ಓದುಗರು ಜಪಾನನ್ನು ಇಂದಿಗೂ ಆ ಡಬ್ಬಿಯ ಕಿಟಕಿಯಿಂದಲೇ ನೋಡುತ್ತಾರೆ. 2022ರ ಸರ್ಕಾರಿ ಸಮೀಕ್ಷೆ ತೋರಿಸುವ ಚಿತ್ರ ಬೇರೆ. ಪ್ರಾಥಮಿಕ, ಮಾಧ್ಯಮಿಕ ಶಾಲೆಗಳ ಸಾಮಾನ್ಯ ತರಗತಿಗಳಲ್ಲಿ ಶೇ. 8.8ರಷ್ಟು ಮಕ್ಕಳಿಗೆ ಕಲಿಕೆಯಲ್ಲೋ ನಡವಳಿಕೆಯಲ್ಲೋ ಗಣನೀಯ ತೊಡಕಿದೆ (ಇದು ವೈದ್ಯರ ತೀರ್ಮಾನವಲ್ಲ, ಶಿಕ್ಷಕರ ಅಂದಾಜು). ಶಾಲಾ ವೇಳೆಯಲ್ಲೇ ವಾರಕ್ಕೆ ಕೆಲವು ಗಂಟೆ ಪ್ರತ್ಯೇಕವಾಗಿ ಕಲಿಸುವ ‘ತ್ಸೂಕ್ಯೂ’ ವ್ಯವಸ್ಥೆ 2006ರಿಂದ ಕಲಿಕಾ ನ್ಯೂನತೆಯ ಮಕ್ಕಳಿಗೂ ತೆರೆದಿದೆ. ದಕ್ಕಿರುವುದು ಮಾತ್ರ ಅವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ. ಮಿಕ್ಕವರಲ್ಲಿ ಕೆಲವರು ಶುಲ್ಕ ತೆತ್ತು ಖಾಸಗಿ ಪಾಠ ಪಡೆಯುತ್ತಾರೆ, ಅದೂ ಹೆತ್ತವರ ಕೈಲಾದರೆ. ಪ್ರಾಥಮಿಕ ಹಂತದಲ್ಲೇ 1,026 ಕಾಂಜಿ ಲಿಪಿಗಳನ್ನು ಕಡ್ಡಾಯ ಮಾಡಿದ ಸರ್ಕಾರ, ಅವು ಒಲಿಯದ ಮಗುವಿಗೆ ಬೇರೆ ಬಗೆಯಲ್ಲಿ ಕಲಿಸುವ ಖರ್ಚನ್ನೂ ಹೊರಬೇಕು. ಪ್ರತಿ ಶಾಲೆಗೂ ತ್ಸೂಕ್ಯೂ ಶಿಕ್ಷಕರು ಬೇಕು. ಪಾಠಕ್ಕಾಗಿ ಮಗು ಇನ್ನೊಂದು ಶಾಲೆಗೆ ಅಲೆಯಬಾರದು.