ಕೆರೆಗೂ ಒಂದು ಮಿತಿ ಉಂಟು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ಬಂಗುಡೆ, ಬೂತಾಯಿಯ ಬೆಲೆ ಕೇಳಿಯೇ ಎಷ್ಟೋ ಮಂದಿ ಚೀಲ ಮಡಚಿ ಮನೆಗೆ ಬರುತ್ತಾರೆ. ತೋಟದ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಸಾಕಿದರೆ ಮನೆಗೂ ಆಯ್ತು, ನಾಲ್ಕು ಕಾಸೂ ಆಯ್ತು ಎಂಬ ಲೆಕ್ಕ ತಪ್ಪಲ್ಲ. ಆದರೆ ಹೆಂಗಸರ ಚಿನ್ನ ಅಡವಿಟ್ಟು ಮರಿ ಬಿಡುವ ಮೊದಲು ಕೆರೆಯ ಮಿತಿ ತಿಳಿದುಕೊಳ್ಳಬೇಕು.

ಈ ಮೂರನ್ನು ಒಟ್ಟಿಗೆ ಸಾಕ್ಲಿಕ್ಕೆ ಕಾರಣ ಉಂಟು. ಕಾಟ್ಲಾ ಮೇಲಿನ ನೀರಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತದೆ. ಒಂದರ ಪಾಲಿಗೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಗಾಳಿ ಯಂತ್ರವಿಲ್ಲದ ಕೆರೆಗೆ ಎಕರೆಗೆ ಸುಮಾರು 2,000 ಬೆರಳುದ್ದದ ಮರಿ ಸಾಕು. ಅಂದರೆ 10 ಸೆಂಟ್ಸ್ ಕೆರೆಗೆ 200. ಇದರ ಮೂರು ಪಟ್ಟು ಬಿಟ್ಟರೆ ಲಾಭವೂ ಮೂರು ಪಟ್ಟು ಆಗುವುದಿಲ್ಲ. ರಾತ್ರಿ ಮೀನೂ ಪಾಚಿಯೂ ನೀರಿನ ಆಮ್ಲಜನಕವನ್ನೇ ಬಳಸುತ್ತವೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರಾಟದ ಕಷ್ಟ. ಅಂದು ಆಹಾರ ನಿಲ್ಲಿಸಿ, ಹೊಸ ನೀರು ಬಿಡಬೇಕು.

ನಮ್ಮದು ಮುರಕಲ್ಲಿನ ಹುಳಿ ಮಣ್ಣು. ನೀರು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಸುಣ್ಣ ಹಾಕಿದ ಮೇಲೆಯೇ ಮರಿ ಬಿಡಬೇಕು. ತೌಡು, ನೆಲಕಡಲೆ ಹಿಂಡಿಯನ್ನು ಮೀನು ತಿಂದು ಮುಗಿಸುವಷ್ಟೇ ಕೊಡಿ. ಉಳಿದದ್ದು ಕೊಳೆತು ಪಾಚಿ ಹೆಚ್ಚುತ್ತದೆ. ಕೆರೆಮೀನಿಗೆ ಕೆಸರು ವಾಸನೆ ಎಂದು ನಾವು ದೂರುವುದುಂಟಲ್ಲ, ಅದು ಹೆಚ್ಚಾಗಿ ಬರುವುದು ಇಂಥ ನೀರಿನಿಂದಲೇ.

ಇನ್ನೊಂದು ಅಪಾಯ ತೋಟದಲ್ಲೇ ಉಂಟು. ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಅದರ ತಾಮ್ರ ಮೀನಿಗೆ ವಿಷ. ಮದ್ದಿನ ಡ್ರಮ್ ತೊಳೆದ ನೀರು, ತೋಟದಿಂದ ಹರಿಯುವ ಮಳೆನೀರು ಕೆರೆಗೆ ಸೇರದಂತೆ ಬದು ಕಟ್ಟಬೇಕು. ನೀರು ತುಂಬಿ ಹೊರಹೋಗುವ ಜಾಗಕ್ಕೆ ಬಲೆಯೂ ಬೇಕು.

ಬೇಗ ಬೆಳೆಯುತ್ತದೆಂದು ಆಫ್ರಿಕನ್ ಕ್ಯಾಟ್‌ಫಿಶ್ ಬಿಡುವ ಯೋಚನೆಯೇ ಬೇಡ. ಅದರ ಸಾಕಣೆಗೆ ನಿಷೇಧವಿದೆ. ತಪ್ಪಿಸಿಕೊಂಡು ತೋಡು, ಹೊಳೆ ಸೇರಿದರೆ ಅಲ್ಲಿಯ ಮೀನುಗಳನ್ನೇ ತಿಂದುಹಾಕುತ್ತದೆ. ಹೊಳೆ ನಮ್ಮೊಬ್ಬರದ್ದಲ್ಲ.

ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜು ಉಂಟು, ತಾಲೂಕಿನಲ್ಲಿ ಇಲಾಖೆಯ ಕಚೇರಿ ಉಂಟು. ಮರಿ ಮಾರುವವರ ಮಾತನ್ನು ಮಾತ್ರ ನಂಬದೆ ಅಲ್ಲಿ ಕೇಳಿ ತಿಳಿದು ಶುರು ಮಾಡಿ. ಮೊದಲ ವರ್ಷ ಕಡಿಮೆ ಬಿಡಿ. ಕೆರೆ ಉಳಿದರೆ ಮೀನನ್ನು ಮುಂದಿನ ವರ್ಷವೂ ಸಾಕಬಹುದು.