ಗೋಡೆಗೆ ಬಣ್ಣ ಬಳಿಯುವ ಮೊದಲು

ಕಳೆದ ತಿಂಗಳು ಹುಬ್ಬಳ್ಳಿಯ ಒಂದು ಮನೆಯಿಂದ ನಮಗೆ ಫೋನ್ ಬಂತು. "ಉಸ್ತಾದರೇ, ಉಪ್ಪನ ಮನೆ ಮಾರ್ತಾ ಇದ್ದೇವೆ. ಒಮ್ಮೆ ಬಂದು ದುಆ ಮಾಡಿ ಹೋಗಿ" ಅಂದರು. ಆ ಮನೆಯ ಯಜಮಾನರು ಎಷ್ಟೋ ವರ್ಷಗಳ ಹಿಂದೆ ಬಂಟ್ವಾಳ ಕಡೆಯಿಂದ ಬಂದು, ಬೇರೆಯವರ ಹೋಟೆಲಿನಲ್ಲಿ ದುಡಿದು, ಆಮೇಲೆ ಸ್ವಂತ ಬೇಕರಿ ಹಾಕಿ, ಒಂದೊಂದೇ ರೂಪಾಯಿ ಕೂಡಿಟ್ಟು ಕಟ್ಟಿಸಿದ ಮನೆ ಅದು. ಅವರು ತೀರಿಹೋಗಿ ಆರೇಳು ವರ್ಷವಾಗಿದೆ.

ನಾವು ಹೋದಾಗ ಪೇಂಟರ್ ಗೋಡೆಯ ಬಿರುಕಿಗೆ ಪುಟ್ಟಿ ತುಂಬುತ್ತಿದ್ದ. ಹಿರಿಮಗ ಪಕ್ಕದಲ್ಲೇ ನಿಂತು, "ಇಲ್ಲಿ ಇನ್ನೊಂದು ಕೋಟ್ ಹೊಡಿ, ಕಾಣಬಾರದು" ಅನ್ನುತ್ತಿದ್ದ. ಅಡುಗೆ ಮನೆಯಲ್ಲಿ ಊರಿಂದ ಬಂದ ಮಗಳು ಉಮ್ಮನ ಜೊತೆ ಪಾತ್ರೆ ಕಟ್ಟುತ್ತಿದ್ದಳು. ಚಹಾ ತಂದಿಟ್ಟವಳು ಮೆಲ್ಲಗೆ ಕೇಳಿದಳು: "ಉಸ್ತಾದ್, ನಾಡಿದ್ದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸಹಿ ಹಾಕ್ಲಿಕ್ಕೆ ಬರಬೇಕಂತೆ. ಮನೆ ಎಷ್ಟಕ್ಕೆ ಹೋಯ್ತು ಅಂತ ಕೇಳಿದರೆ ಅಣ್ಣನಿಗೆ ಬೇಜಾರಾಗ್ತದಾ?"

ನಾವು ದುಆ ಮಾಡಿ ಬಂದೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಒಂದು ಮನೆಯನ್ನು ಮಾರಾಟಕ್ಕೆ ಸಿದ್ಧ ಮಾಡುವುದೆಂದರೆ ನಮ್ಮಲ್ಲಿ ಇಷ್ಟೇ ಆಗಿಬಿಟ್ಟಿದೆಯೇ? ಕೊಳ್ಳುವವನ ಕಣ್ಣಿಗೆ ಬಿರುಕು ಕಾಣಬಾರದು, ಹೆಣ್ಣುಮಕ್ಕಳ ಕಣ್ಣಿಗೆ ರೇಟು ಕಾಣಬಾರದು. ಮುಚ್ಚುವ ಕೆಲಸ ಎರಡೂ ಒಂದೇ.

ಮೊದಲು ಗೋಡೆಯ ವಿಷಯ. ಹುಬ್ಬಳ್ಳಿಯ ಎಷ್ಟೋ ಬಡಾವಣೆಗಳು ಎರೆ ಮಣ್ಣಿನ ಮೇಲೆ ನಿಂತಿವೆ. ಮಳೆಗಾಲದಲ್ಲಿ ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಪಾಯ ಗಟ್ಟಿಯಿಲ್ಲದಿದ್ದರೆ ಗೋಡೆ ಸೀಳುತ್ತದೆ. ಊರಲ್ಲಿ ಕೆಂಪುಕಲ್ಲಿನ ಮನೆಯಲ್ಲಿ ಬೆಳೆದ ನಮ್ಮವರಿಗೆ ಇದು ಇಲ್ಲಿಗೆ ಬಂದ ಮೇಲೆ ಕಲಿತ ಪಾಠ. ಬಣ್ಣ ಬಳಿಯುವುದು ತಪ್ಪಲ್ಲ. ಮನೆ ಗುಡಿಸಿ, ಒರೆಸಿ, ಚಂದ ಮಾಡಿ ತೋರಿಸುವುದೂ ತಪ್ಪಲ್ಲ. ಪ್ರತಿ ಬೇಸಿಗೆಗೆ ಬಾಯಿ ಬಿಡುವ ಬಿರುಕನ್ನು ಮುಚ್ಚಿ "ಏನೂ ತೊಂದರೆ ಇಲ್ಲ" ಅನ್ನುವುದು ತಪ್ಪು. ತಾರಸಿ ಸೋರುವುದು, ಚರಂಡಿ ಕಟ್ಟಿಕೊಳ್ಳುವುದು, ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದು, ಇವೆಲ್ಲ ಕೊಳ್ಳುವವನಿಗೆ ಗೊತ್ತಾಗಬೇಕಾದ ಮಾತುಗಳು.

ಪ್ರವಾದಿ(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆಯನ್ನು ನಮ್ಮ ಮದ್ರಸದ ಮಕ್ಕಳೂ ಬಲ್ಲರು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಹೇಳಿದಾಗ, ಜನ ನೋಡುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಅವರು ಕೇಳಿದರು. ಮೋಸ ಮಾಡುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ತೇವದ ಗೋಡೆಗೂ ಅದೇ ನಿಯಮ. ದೇಶದ ಕಾನೂನೂ ಇದನ್ನೇ ಹೇಳುತ್ತದೆ. ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದರೆ ಅದನ್ನು ತಿಳಿಸಬೇಕು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿದೆ.

ಇನ್ನು ಎರಡನೆಯದು, ಪಾಲಿನ ವಿಷಯ. ಉಪ್ಪ ಕಣ್ಣು ಮುಚ್ಚಿದ ಗಳಿಗೆಯಲ್ಲೇ ಮನೆ ವಾರಸುದಾರರೆಲ್ಲರದೂ ಆಯಿತು. ಮನೆಯಲ್ಲಿ ವಾಸವಿರುವ ಮಗನದು ಮಾತ್ರ ಅಲ್ಲ, ತೆರಿಗೆ ಕಟ್ಟಿದವನದು ಮಾತ್ರ ಅಲ್ಲ. ಕಫನ್, ದಫನದ ಖರ್ಚು, ಸಾಲ, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗದ ಮಿತಿಯೊಳಗೆ ಅದು, ಇವಿಷ್ಟು ಕಳೆದು ಉಳಿದದ್ದು ಹಂಚಿಕೆಗೆ. ಉಮ್ಮನಿಗೆ ಕೊಡದೆ ಉಳಿದ ಮಹರ್ ಇದ್ದರೆ ಅದೂ ಸಾಲವೇ. ಇದನ್ನು ಬಹಳ ಮಂದಿ ಮರೆತೇ ಬಿಡುತ್ತಾರೆ.

ಒಂದು ಲೆಕ್ಕ ನೋಡೋಣ. ಖರ್ಚು, ಸಾಲ ಎಲ್ಲ ಕಳೆದು 48 ಲಕ್ಷ ಉಳಿಯಿತು ಎಂದಿಟ್ಟುಕೊಳ್ಳಿ. ಉಮ್ಮ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಉಮ್ಮನಿಗೆ ಎಂಟನೇ ಒಂದು, ಅಂದರೆ 6 ಲಕ್ಷ. ಉಳಿದ 42 ಲಕ್ಷದಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಆರು ಪಾಲು. ಗಂಡುಮಕ್ಕಳಿಗೆ ತಲಾ 14 ಲಕ್ಷ, ಹೆಣ್ಣುಮಕ್ಕಳಿಗೆ ತಲಾ 7 ಲಕ್ಷ. ಸೂರಃ ಅನ್ನಿಸಾದ 11 ಮತ್ತು 12ನೇ ಆಯತ್‌ಗಳು ಹಾಕಿಕೊಟ್ಟ ಲೆಕ್ಕ ಇದು. ಸ್ವತ್ತು ಸ್ವಲ್ಪವಿರಲಿ, ಹೆಚ್ಚಿರಲಿ, ಹೆಣ್ಣಿಗೂ ಪಾಲು ಇದೆಯೆಂದು ಅದಕ್ಕಿಂತ ಮೊದಲು 7ನೇ ಆಯತ್ ಹೇಳಿಬಿಟ್ಟಿದೆ. ಗಂಡಿಗೆ ಎರಡು ಪಾಲು ಎಂಬುದನ್ನು ಗಟ್ಟಿಯಾಗಿ ಓದುವ ನಾವು, ಹೆಣ್ಣಿಗೆ ಒಂದು ಎಂಬಲ್ಲಿ ಯಾಕೆ ದನಿ ತಗ್ಗಿಸುತ್ತೇವೆ?

"ಮದುವೆಗೆ ಅಷ್ಟು ಚಿನ್ನ ಕೊಟ್ಟಿದ್ದೇವಲ್ಲ" ಅನ್ನುವವರಿದ್ದಾರೆ. ಉಪ್ಪ ಬದುಕಿದ್ದಾಗ ಕೊಟ್ಟದ್ದು ಉಪ್ಪ ಕೊಟ್ಟದ್ದು. ಅದು ಮೀರಾಸ್‌ನ ಮುಂಗಡವಲ್ಲ. "ಉಪ್ಪ-ಉಮ್ಮನನ್ನು ನೋಡಿಕೊಂಡವನು ನಾನು, ತಾರಸಿ ಹಾಕಿಸಿದವನು ನಾನು" ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಅದಕ್ಕೆ ದಾರಿ ಬೇರೆ. ಸಾಲವಾಗಿ ಹಾಕಿದ ಹಣವಾದರೆ ಲೆಕ್ಕ ತೋರಿಸಿ, ಎಲ್ಲರ ಎದುರು ಒಪ್ಪಿಸಿ, ಮೊದಲು ತೆಗೆದುಕೊಳ್ಳಲಿ. ಲೆಕ್ಕ ಹೇಳದೆ ತಂಗಿಯ ಪಾಲಿನಿಂದ ಮುರಿದುಕೊಳ್ಳುವುದಲ್ಲ.

"ಅವಳೇ ಬೇಡ ಅಂದಿದ್ದಾಳೆ" ಎಂಬುದು ನಾವು ಹೆಚ್ಚು ಕೇಳುವ ಮಾತು. ತನ್ನ ಪಾಲು ಎಷ್ಟೆಂದೇ ಗೊತ್ತಿಲ್ಲದವಳು ಬೇಡ ಅಂದರೆ ಅದಕ್ಕೆ ಏನು ಬೆಲೆ? ತವರಿನ ಬಾಗಿಲು ಮುಚ್ಚಿಹೋಗುತ್ತದೆಂಬ ಹೆದರಿಕೆಯಲ್ಲಿ ಹಾಕಿದ ಸಹಿ ಮನಸ್ಸಿನ ಸಹಿಯಲ್ಲ. ಒಂದು ಸುಲಭದ ಪರೀಕ್ಷೆ ಇದೆ. ಮೊದಲು 7 ಲಕ್ಷ ಅವಳ ಖಾತೆಗೆ ಹಾಕಿ. ಒಂದು ತಿಂಗಳು ಬಿಟ್ಟು ಅವಳೇ ಖುಷಿಯಿಂದ ತಂದುಕೊಟ್ಟರೆ ಬಿಸ್ಮಿ ಹೇಳಿ ತೆಗೆದುಕೊಳ್ಳಿ.

ಇನ್ನೊಂದು ಕಡೆ ಪಾಲು ಸೋರಿಹೋಗುತ್ತದೆ. ಕಾಗದದಲ್ಲಿ ಸರ್ಕಾರದ ಮಾರ್ಗಸೂಚಿ ದರ, ಕೈಯಲ್ಲಿ ಬೇರೆ ನಗದು. ಹೆಣ್ಣುಮಕ್ಕಳಿಗೆ ಕಾಗದದ ಮೊತ್ತದ ಮೇಲೆ ಪಾಲು, ನಗದು ಗಂಡುಮಕ್ಕಳ ಜೇಬಿಗೆ. ಇದು ತೆರಿಗೆಯ ಕಳ್ಳತನವೂ ಹೌದು, ತಂಗಿಯ ಮನೆಯ ಕಳ್ಳತನವೂ ಹೌದು. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದೇ ಇಲ್ಲ.

ಕಾಗದದ ಕೆಲಸವನ್ನೂ ಪೇಂಟರನ್ನು ಕರೆಯುವ ಮೊದಲೇ ಶುರು ಮಾಡಬೇಕು. ವಂಶಾವಳಿ ಮಾಡಿಸಿ, ಸಿಟಿ ಸರ್ವೆ ಉತಾರದಲ್ಲೂ ಮಹಾನಗರ ಪಾಲಿಕೆಯ ದಾಖಲೆಯಲ್ಲೂ ಎಲ್ಲ ವಾರಸುದಾರರ ಹೆಸರು ಹಚ್ಚಿಸಿ. "ಹೆಣ್ಣುಮಕ್ಕಳ ಹೆಸರು ಯಾಕ್ರಿ, ಸುಮ್ನ ಕೆಲಸ ಹೆಚ್ಚಾಗತೈತಿ" ಎಂದು ಏಜೆಂಟ್ ಹೇಳಿದರೆ ಅವನ ಮಾತು ಕೇಳಬೇಡಿ. ಬಿಟ್ಟುಹೋದ ಒಂದು ಹೆಸರು ನಾಳೆ ಕೊಂಡವನನ್ನು ಕೋರ್ಟಿಗೆ ಎಳೆಯುತ್ತದೆ. ಇ-ಖಾತಾ, ಋಣಭಾರ ಪತ್ರ, ಮನೆ ತೆರಿಗೆಯ ರಸೀದಿ, ಹೆಸ್ಕಾಂ ಬಿಲ್ಲು, ನೀರಿನ ಬಾಕಿ ಎಲ್ಲ ಒಂದು ಫೈಲಿನಲ್ಲಿರಲಿ. ಗಲ್ಫ್‌ನಲ್ಲಿರುವ ಅಣ್ಣ-ತಮ್ಮಂದಿರ ಮುಖ್ತಾರ್ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ತರಿಸಬೇಕು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.

ಕೆಲವು ಮನೆಗಳಲ್ಲಿ ಉಪ್ಪನ ನಂತರ ಒಬ್ಬ ಮಗನೂ ತೀರಿಹೋಗಿ, ಅವನ ಚಿಕ್ಕ ಮಕ್ಕಳು ಪಾಲುದಾರರಾಗಿರುತ್ತಾರೆ. ಅಲ್ಲಿ ಬಹಳ ಜಾಗ್ರತೆ ಬೇಕು. ಅಪ್ರಾಪ್ತ ಮಕ್ಕಳ ಸ್ಥಿರಾಸ್ತಿಯನ್ನು ಅವರ ತಾಯಿಯೋ ದೊಡ್ಡಪ್ಪನೋ ಸುಮ್ಮನೆ ಸಹಿ ಹಾಕಿ ಮಾರುವಂತಿಲ್ಲ. ಜಿಲ್ಲಾ ನ್ಯಾಯಾಲಯದಿಂದ ಪಾಲಕರಾಗಿ ನೇಮಕವಾಗಿ ಅನುಮತಿ ಪಡೆಯಬೇಕು. ಇಂಥ ಸಹಿಗೆ ಬೆಲೆಯಿಲ್ಲವೆಂದು ಸುಪ್ರೀಂ ಕೋರ್ಟ್ 1952ರಲ್ಲೇ ಹೇಳಿದೆ. ಯತೀಮರ ಸೊತ್ತು ತಿನ್ನುವವರ ಬಗ್ಗೆ ಅದೇ ಸೂರಃದ 10ನೇ ಆಯತ್ ಏನು ಎಚ್ಚರಿಕೆ ಕೊಡುತ್ತದೆಂದು ನಾವು ಇಲ್ಲಿ ವಿವರಿಸಬೇಕಾಗಿಲ್ಲ.

ಮನೆ ಹೊರಗಿನವರಿಗೆ ಕೊಡುವ ಮೊದಲು ಪಾಲುದಾರರನ್ನು ಕೇಳುವುದು ಪ್ರವಾದಿ(ಸ) ಕಲಿಸಿದ ಕ್ರಮ. ತಂಗಿಗೋ ಅವಳ ಗಂಡನಿಗೋ ಕೊಳ್ಳುವ ತಾಕತ್ತಿರಬಹುದು. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಶುಫ್ಅದ ಹಕ್ಕು ಪಾಲುದಾರನಿಗೆ ಮಾತ್ರ. ಹುಬ್ಬಳ್ಳಿ-ಧಾರವಾಡದಲ್ಲಿ ನಮ್ಮ ನೆರೆಯವರಾಗಿರುವ ಹನಫಿಗಳಲ್ಲಿ ಪಕ್ಕದ ಮನೆಯವನಿಗೂ ಉಂಟು. ಇಷ್ಟು ವರ್ಷ ಸುಖದುಃಖಕ್ಕೆ ಆದ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಮಾರುವುದರಲ್ಲಿ ನಮಗೇನೂ ನಷ್ಟವಿಲ್ಲ.

ಕೊನೆಗೆ ಮನೆಯೊಳಗಿನ ಸಾಮಾನು. ಉಪ್ಪನ ಕಪಾಟು, ವಾಚು, ಬೇಕರಿಯ ತಕ್ಕಡಿ, ತಾಮ್ರದ ಹಂಡೆ, ಇವೂ ಮೀರಾಸೇ. ಎಲ್ಲರೂ ಕೂತು, ಯಾರಿಗೆ ಯಾವುದು ಎಂದು ಒಪ್ಪಿಕೊಂಡು ಎತ್ತಿಕೊಳ್ಳಿ. ಹರಿದ ಮುಸ್‌ಹಫ್‌ಗಳನ್ನು, ಹಳೆಯ ಕಿತಾಬುಗಳನ್ನು ಗುಜರಿಗೆ ಹಾಕಬೇಡಿ. ಹತ್ತಿರದ ಮಸೀದಿಗೋ ಮದ್ರಸಕ್ಕೋ ತಲುಪಿಸಿ.

ಆ ಮನೆಯ ಹಿರಿಮಗನ ಜೊತೆ ನಾವು ಮರುದಿನ ಇಶಾ ನಮಾಝ್ ಆದ ಮೇಲೆ ಮಾತಾಡಿದೆವು. ಮೊದಲು ಅವನ ಮುಖ ಬಾಡಿತು. "ಉಸ್ತಾದರೇ, ನಮ್ಮಲ್ಲಿ ಯಾರೂ ಹೀಗೆ ಲೆಕ್ಕ ಕೇಳಿದ್ದಿಲ್ಲ" ಅಂದ. ಕೇಳದಿರುವುದು ಬೇಡವೆಂದಲ್ಲ ಎಂದೆವು. ನೋಂದಣಿಯನ್ನು ಹತ್ತು ದಿನ ಮುಂದಕ್ಕೆ ಹಾಕಿದರು. ಕೊಳ್ಳುವವರನ್ನು ಕರೆದು ಗೋಡೆಯ ಬಿರುಕು ತೋರಿಸಿದರು, ಅವರು ಸ್ವಲ್ಪ ಇಳಿಸಿ ಕೇಳಿದರು, ಇವರು ಒಪ್ಪಿದರು. ಉಮ್ಮನಿಗೂ ನಾಲ್ವರು ಮಕ್ಕಳಿಗೂ ಬೇರೆ ಬೇರೆ ಡಿಡಿ ಮಾಡಿಸಿ, ಯಾರಿಗೆ ಎಷ್ಟು ಎಂದು ಕ್ರಯಪತ್ರದಲ್ಲೇ ಬರೆಸಿದರು. ಮನೆ ಮಾರುವ ಎಲ್ಲರೂ ಇಷ್ಟನ್ನಾದರೂ ಮಾಡಬಹುದು. ಹಣ ಒಬ್ಬನ ಖಾತೆಗೆ ಬಂದು ಆಮೇಲೆ ಹಂಚೋಣ ಎಂದರೆ ಆ 'ಆಮೇಲೆ' ಬರುವುದೇ ಇಲ್ಲ.

ಸಹಿ ಹಾಕಿ ಊರಿಗೆ ಹೊರಟ ಮಗಳು ನಮ್ಮ ಮನೆಯವರಿಗೆ ಫೋನ್ ಮಾಡಿದ್ದಳಂತೆ. "ಈ ಪೆರ್ನಾಲಿಗೆ ಅಣ್ಣ ಬಾಡಿಗೆ ಮನೆಗೇ ಕರೆದಿದ್ದಾನೆ, ಹೋಗ್ತೇನೆ" ಅಂದಳಂತೆ. ಉಪ್ಪನ ಮನೆ ಹೋಯಿತು, ಅವಳ ತವರು ಉಳಿಯಿತು.